ಹಳೆ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕುವ ಮೊದಲು: ಡ್ರೈವರ್ ಗೋಳು ತಪ್ಪಿಸುವ ಸಮಗ್ರ ಮಾರ್ಗದರ್ಶಿ

ರಾತ್ರಿ ಅಪ್‌ಗ್ರೇಡ್‌ಗೆ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಹೊಸ ವಿಂಡೋಸ್ ಬಂದಿತ್ತು, ವೈಫೈ ಹೋಗಿತ್ತು. ಪರದೆ ಮೇಲಿನ ಅಕ್ಷರಗಳು ಅಡ್ಡಕ್ಕೆ ಎಳೆದ ಹಾಗೆ ದಪ್ಪ ದಪ್ಪ ಕಾಣುತ್ತಿದ್ದವು. ಪ್ರಿಂಟರ್ ಕೇಬಲ್ ಚುಚ್ಚಿದರೆ ಟಿಂಗ್ ಅಂತ ಸದ್ದು ಬರುತ್ತಿತ್ತು, ಪ್ರಿಂಟ್ ಬರುತ್ತಿರಲಿಲ್ಲ. ಡ್ರೈವರ್ ಇಳಿಸಿಕೊಳ್ಳೋಣ ಅಂದರೆ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಬರಬೇಕು ಅಂದರೆ ವೈಫೈ ಡ್ರೈವರ್ ಬೇಕು. ಫೋನಿನಲ್ಲಿ ಹುಡುಕಿದೆ. ಲ್ಯಾಪ್‌ಟಾಪ್ ಮಾಡಿದ ಕಂಪನಿಯವರು ನನ್ನ ಮಾಡೆಲ್‌ನ ಡ್ರೈವರ್ ಪುಟವನ್ನೇ ತೆಗೆದುಹಾಕಿದ್ದರು. ಅವತ್ತು ಅಕ್ಕನ ಮಗಳ ಕಾಲೇಜು ಅರ್ಜಿಗೆ ಕೊನೆ ದಿನ. ಆ ಹುಡುಗಿ ಪಕ್ಕದಲ್ಲೇ ಕೂತು ಗಡಿಯಾರ ನೋಡುತ್ತಿದ್ದಳು.

ಆ ದಿನ ಹೇಗೋ ಕಳೆಯಿತು, ಬೇರೆ ಕಡೆ ಹೋಗಿ ಪ್ರಿಂಟ್ ತೆಗೆಸಿದೆವು. ಆಮೇಲೆ ಮನೆಯವರದು, ನೆಂಟರದು, ಪರಿಚಯದ ಅಂಗಡಿಗಳದು ಅಂತ ಹಳೆ ಯಂತ್ರಗಳನ್ನು ಸರಿ ಮಾಡುತ್ತಾ ನನಗೆ ಖಚಿತವಾದದ್ದು ಒಂದೇ. ಹಳೆ ಕಂಪ್ಯೂಟರ್ ಹೊಸ ಓಎಸ್ (ವಿಂಡೋಸ್ ಥರದ, ಇಡೀ ಯಂತ್ರ ನಡೆಸುವ ಮೂಲ ತಂತ್ರಾಂಶ) ತಡೆದುಕೊಳ್ಳುತ್ತದಾ ಎನ್ನುವುದನ್ನು ಪ್ರಾಸೆಸರ್ ಒಂದೇ ತೀರ್ಮಾನಿಸುವುದಿಲ್ಲ. ಒಳಗಿರುವ ಒಂದೊಂದು ಚಿಪ್ಪಿಗೂ, ಹೊರಗೆ ಚುಚ್ಚಿರುವ ಒಂದೊಂದು ಸಾಧನಕ್ಕೂ ಆ ಓಎಸ್‌ನಲ್ಲಿ ಡ್ರೈವರ್ ಇದೆಯಾ ಎನ್ನುವುದು ತೀರ್ಮಾನಿಸುತ್ತದೆ. ಎಲ್ಲದಕ್ಕೂ ಇದ್ದು ಒಂದಕ್ಕೆ ಮಾತ್ರ ಇಲ್ಲ ಅಂದರೂ, ಆ ಒಂದೇ ನಿಮ್ಮ ದಿನದ ಕೆಲಸ ನಿಲ್ಲಿಸಿಬಿಡುತ್ತದೆ. ಹಾಗಾಗಿ ಅಪ್‌ಗ್ರೇಡ್ ಬಟನ್ ಒತ್ತುವ ಮೊದಲೇ ಒಂದೊಂದನ್ನೂ ವಿಚಾರಿಸಬೇಕು. ಅದು ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಡ್ರೈವರ್ ಯಾಕೆ ಕೈಕೊಡುತ್ತದೆ

ಡ್ರೈವರ್ ಅಂದರೆ ಓಎಸ್ ಮತ್ತು ಚಿಪ್ಪಿನ ನಡುವಿನ ದುಭಾಷಿ. ಅದನ್ನು ಬರೆಯುವುದು ಮೈಕ್ರೋಸಾಫ್ಟ್ ಅಲ್ಲ, ಹೆಚ್ಚಾಗಿ ಆ ಚಿಪ್ ಮಾಡಿದವರು. ಹೊಸ ಓಎಸ್ ಬಂದಾಗ ಹಳೆ ಚಿಪ್ಪಿಗೆ ಅವರು ಮತ್ತೆ ಕೂತು ಬರೆಯಬೇಕು, ಪರೀಕ್ಷೆ ಮಾಡಬೇಕು. ಮಾರಿ ಹತ್ತು ವರ್ಷ ಆದ ಮಾಲಿಗೆ ಯಾರೂ ದುಡ್ಡು ಹಾಕುವುದಿಲ್ಲ. ಅಲ್ಲಿಗೆ ಆ ಚಿಪ್ ಕೆಟ್ಟಿಲ್ಲದಿದ್ದರೂ ಅನಾಥ.

ಇದರ ಜೊತೆಗೆ 32 ಬಿಟ್, 64 ಬಿಟ್ ಗೊಂದಲ. 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದೇ ಇಲ್ಲ. ಪ್ರೋಗ್ರಾಂ ನಡೆಯುತ್ತದೆ, ಡ್ರೈವರ್ ನಡೆಯುವುದಿಲ್ಲ, ಈ ವ್ಯತ್ಯಾಸ ತುಂಬಾ ಜನರಿಗೆ ಗೊತ್ತಿಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಹಳೆ ಪ್ರಿಂಟರ್, ಸ್ಕ್ಯಾನರ್, ಸಾಫ್ಟ್‌ವೇರ್ ಲಾಕ್ ಆಗಿ ಬಳಸುವ ಡಾಂಗಲ್ ಇವುಗಳಿಗೆ 32 ಬಿಟ್ ಡ್ರೈವರ್ ಮಾತ್ರ ಇದ್ದರೆ ಅಲ್ಲಿಗೆ ದಾರಿ ಮುಚ್ಚಿತು.

ಹೆಜ್ಜೆ 1: ಅಪ್‌ಗ್ರೇಡ್ ಬೇಕೇ ಬೇಕಾ?

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, 8.1ರದ್ದು 2023ರ ಜನವರಿ 10ಕ್ಕೆ, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ. ಬೆಂಬಲ ಮುಗಿದರೆ ಕಂಪ್ಯೂಟರ್ ನಿಲ್ಲುವುದಿಲ್ಲ, ಭದ್ರತೆಯ ತೇಪೆಗಳು ಬರುವುದು ನಿಲ್ಲುತ್ತದೆ. ಬ್ಯಾಂಕ್ ವ್ಯವಹಾರ, ಇಮೇಲ್, ಪೋರ್ಟಲ್ ಲಾಗಿನ್ ಮಾಡುವ ಯಂತ್ರಕ್ಕೆ ಇದು ದೊಡ್ಡ ವಿಷಯ. ಸುಮ್ನೆ ಬಿಡುವ ಹಾಗಿಲ್ಲ.

ವಿಂಡೋಸ್ 10 ಇದ್ದವರಿಗೆ ಉಸಿರಾಡಲು ಸ್ವಲ್ಪ ಸಮಯ ಇದೆ. ಇಎಸ್‌ಯು ಎಂಬ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತವೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಲಿಂಕ್ ಇರುತ್ತದೆ. ನಿಮ್ಮದು 22ಎಚ್2 ಆವೃತ್ತಿ ಆಗಿರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಾಗಿಲ್ಲ. ಸದ್ಯಕ್ಕೆ ಕೆಲಸ ನಡೆಯುತ್ತಿದ್ದರೆ ಮೊದಲು ಇದನ್ನು ಮಾಡಿಕೊಳ್ಳಿ, ಉಳಿದದ್ದನ್ನು ನಿಧಾನವಾಗಿ ಯೋಚಿಸಬಹುದು.

ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಾದ್ದು: ಟಿಪಿಎಂ 2.0 ಎಂಬ ಭದ್ರತಾ ಚಿಪ್, ಯುಇಎಫ್‌ಐ (ಆನ್ ಮಾಡಿದ ಕೂಡಲೇ ಓಡುವ, ಹಳೆ ಬಯಾಸ್ ಜಾಗಕ್ಕೆ ಬಂದ ತಂತ್ರಾಂಶ) ಜೊತೆ ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಮತ್ತು ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು, ಎಎಂಡಿ ಆದರೆ ರೈಜನ್ 2000 ಸರಣಿ ಅಥವಾ ಅದಕ್ಕಿಂತ ಹೊಸದು. ಅಂದರೆ 2017ಕ್ಕೆ ಮೊದಲು ಕೊಂಡ ಯಂತ್ರ ಬಹುತೇಕ ಹೊರಗೆ. ರೂಫಸ್ ಎಂಬ ಟೂಲ್‌ನಲ್ಲಿ ಪೆನ್‌ಡ್ರೈವ್ ತಯಾರು ಮಾಡುವಾಗ ಟಿಪಿಎಂ ತಪಾಸಣೆ ತೆಗೆದುಹಾಕುವ ಆಯ್ಕೆ ಇದೆ, ಅದು ಕೆಲಸ ಮಾಡುತ್ತದೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ನೀವೇ ಕೂತು ಹಾಕಬೇಕು. ಮೈಕ್ರೋಸಾಫ್ಟ್ ಅದಕ್ಕೆ ಜವಾಬ್ದಾರಿಯನ್ನೂ ತೆಗೆದುಕೊಳ್ಳುವುದಿಲ್ಲ. ಕೋರ್ 2 ಡ್ಯುಯೋ ಎಂಬ ಹಳೆ ಇಂಟೆಲ್ ಪ್ರಾಸೆಸರ್ ಇದ್ದರೆ ಆ ಆಸೆಯೂ ಬೇಡ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಎನ್ನುವ ಆದೇಶಗಳು ಪ್ರಾಸೆಸರ್‌ನಲ್ಲಿ ಇರಲೇಬೇಕು, ಕೋರ್ 2 ಡ್ಯುಯೋದಲ್ಲಿ ಅವು ಇಲ್ಲ. ಬೂಟ್ ಕೂಡ ಆಗುವುದಿಲ್ಲ.

ನನ್ನ ಮಾತು ಕೇಳುವುದಾದರೆ, ತಪಾಸಣೆ ದಾಟಿಸಿ 11 ಹಾಕುವುದನ್ನು ನಿಮ್ಮ ಸ್ವಂತ ಯಂತ್ರದಲ್ಲಿ ಮಾಡಿ ನೋಡಿ, ಬೇಕಾದರೆ ಕಲಿಯಲು ಮಾಡಿ. ಅಪ್ಪ ಅಮ್ಮನ ಕಂಪ್ಯೂಟರಿಗೋ ಅಂಗಡಿ ಬಿಲ್ಲಿಂಗ್ ಯಂತ್ರಕ್ಕೋ ಮಾಡಬೇಡಿ.

ಹೆಜ್ಜೆ 2: ಚಿಪ್‌ಗಳ ಪಟ್ಟಿ ಮಾಡಿ

ಇದೇ ಮುಖ್ಯವಾದ ಹೆಜ್ಜೆ, ಎಲ್ಲರೂ ಹಾರಿಸಿಬಿಡುವುದೂ ಇದನ್ನೇ. ಈಗಿನ ವಿಂಡೋಸ್ ಚೆನ್ನಾಗಿ ನಡೆಯುತ್ತಿರುವಾಗಲೇ ಕೂತು ಮಾಡಬೇಕು. ಅಪ್‌ಗ್ರೇಡ್ ಆದ ಮೇಲೆ ವಿಂಡೋಸ್‌ಗೇ ಆ ಚಿಪ್ ಯಾವುದು ಅಂತ ಗೊತ್ತಾಗದೆ ಬರೀ 'ಅನ್‌ನೋನ್ ಡಿವೈಸ್' ಅಂತ ತೋರಿಸುತ್ತದೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್, ನೆಟ್‌ವರ್ಕ್ ಅಡಾಪ್ಟರ್, ಸೌಂಡ್, ಇಮೇಜಿಂಗ್, ಪ್ರಿಂಟರ್ ಇಷ್ಟನ್ನು ಒಂದೊಂದಾಗಿ ಬಿಡಿಸಿ ನೋಡಿ. ಒಂದೊಂದರ ಮೇಲೂ ಎರಡು ಸಲ ಒತ್ತಿ, ಡಿಟೇಲ್ಸ್ ಟ್ಯಾಬ್‌ಗೆ ಹೋಗಿ, ಪ್ರಾಪರ್ಟಿ ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ಉದ್ದನೆಯ ಸಾಲು ಬರುತ್ತದೆ. ಅದರಲ್ಲಿ ನಮಗೆ ಬೇಕಾದ್ದು ಎರಡೇ. 'ವೆನ್' (VEN) ಎಂದು ಇರುವಲ್ಲಿ ನಾಲ್ಕು ಅಕ್ಷರದ ಸಂಖ್ಯೆ, ಅದು ಚಿಪ್ ಮಾಡಿದ ಕಂಪನಿ. 'ಡೆವ್' (DEV) ಎಂದು ಇರುವಲ್ಲಿ ಇನ್ನೊಂದು ನಾಲ್ಕು, ಅದು ಚಿಪ್ಪಿನ ಮಾದರಿ. 8086 ಅಂದರೆ ಇಂಟೆಲ್, 1002 ಅಂದರೆ ಎಎಂಡಿ ಗ್ರಾಫಿಕ್ಸ್, 10ಡಿಇ ಎನ್‌ವಿಡಿಯಾ, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಆಥೆರೋಸ್. ಯುಎಸ್‌ಬಿ ಸಾಧನ ಆದರೆ ವೆನ್ ಬದಲು ವಿಐಡಿ, ಡೆವ್ ಬದಲು ಪಿಐಡಿ ಇರುತ್ತದೆ.

ಇಷ್ಟು ಗೊತ್ತಾದರೆ ಲ್ಯಾಪ್‌ಟಾಪ್ ಮೇಲಿನ ಬ್ರಾಂಡ್ ಹೆಸರಿನ ಹಂಗೇ ಇಲ್ಲ. ಅವರು ಪುಟ ತೆಗೆದರೂ ತೆಗೆಯಲಿ, ಚಿಪ್ಪಿನ ಹೆಸರು ಹಿಡಿದು ಹುಡುಕಬಹುದು. ಅದೇ ಚಿಪ್ ಹತ್ತು ಬ್ರಾಂಡುಗಳ ಲ್ಯಾಪ್‌ಟಾಪಿನಲ್ಲಿ ಕೂತಿರುತ್ತದೆ. ಫೋನಿನಲ್ಲಿ ಆ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ, ಬರೆದುಕೊಳ್ಳುವುದಕ್ಕಿಂತ ಅದೇ ಸುಲಭ.

ಹಾಗೇ ರನ್ ಕಿಟಕಿಯಲ್ಲಿ ಎಂಎಸ್‌ಇನ್‌ಫೋ32 (msinfo32) ಎಂದು ಕೊಟ್ಟು, ಬಯಾಸ್ ಮೋಡ್ ಯುಇಎಫ್‌ಐ ಇದೆಯೋ ಲೆಗಸಿ ಇದೆಯೋ ನೋಡಿಕೊಳ್ಳಿ. ಮುಂದೆ ಪೆನ್‌ಡ್ರೈವ್ ಮಾಡುವಾಗ ಬೇಕಾಗುತ್ತದೆ.

ಹೆಜ್ಜೆ 3: ಇರುವ ಡ್ರೈವರ್‌ಗಳನ್ನು ಎತ್ತಿಟ್ಟುಕೊಳ್ಳಿ

ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಡ್ರೈವರ್‌ಸ್ಟೋರ್, ಅದರೊಳಗೆ ಫೈಲ್‌ರೆಪೊಸಿಟರಿ ಎಂಬ ಫೋಲ್ಡರ್ ಇದೆ. ನಿಮ್ಮ ಯಂತ್ರದಲ್ಲಿ ಹಾಕಿರುವ ಡ್ರೈವರ್‌ಗಳೆಲ್ಲ ಅಲ್ಲಿ ಕೂತಿವೆ. ಆ ಫೋಲ್ಡರನ್ನು ಹಾಗೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಕೆಲವು ಜಿಬಿ ಆಗುತ್ತದೆ, ಆಗಲಿ. ಹೊಸ ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ತೊಂದರೆ ಇದೆ ಎಂದು ಸೂಚಿಸುವ ಹಳದಿ ತ್ರಿಕೋನ ಕಂಡ ಸಾಧನದ ಮೇಲೆ ರೈಟ್ ಕ್ಲಿಕ್ ಮಾಡಿ, ಅಪ್‌ಡೇಟ್ ಡ್ರೈವರ್, ನಂತರ 'ಬ್ರೌಸ್ ಮೈ ಕಂಪ್ಯೂಟರ್' ಆರಿಸಿ, ಈ ಫೋಲ್ಡರ್ ತೋರಿಸಿದರೆ ಅದೇ ಹುಡುಕಿಕೊಳ್ಳುತ್ತದೆ. ಸಬ್‌ಫೋಲ್ಡರ್ ಸೇರಿಸಿ ಎನ್ನುವ ಟಿಕ್ ಇರಬೇಕು, ಅಷ್ಟೇ. 64 ಬಿಟ್ ವಿಂಡೋಸ್ 7ರ ವೈಫೈ, ಆಡಿಯೋ ಡ್ರೈವರ್‌ಗಳು 64 ಬಿಟ್ ವಿಂಡೋಸ್ 10ರಲ್ಲಿ ಹಲವು ಸಲ ಹೀಗೇ ಹೊಂದಿಕೊಂಡುಬಿಡುತ್ತವೆ.

ನಾನು ಆ ರಾತ್ರಿ ಇದನ್ನು ಮಾಡಿಟ್ಟು ಮಲಗಿದ್ದರೆ ಬೆಳಿಗ್ಗೆ ಐದು ನಿಮಿಷದ ಕೆಲಸ.

ಹೆಜ್ಜೆ 4: ಹಳೆ ಡಿಸ್ಕ್ ಮುಟ್ಟಬೇಡಿ, ಹೊಸ ಎಸ್‌ಎಸ್‌ಡಿ ಹಾಕಿ

ಹಳೆ ಕಂಪ್ಯೂಟರ್ ನಿಧಾನ ಅನ್ನುವವರಲ್ಲಿ ಜಾಸ್ತಿ ಜನರ ಸಮಸ್ಯೆ ಒಳಗೆ ತಿರುಗುವ ಹಾರ್ಡ್ ಡಿಸ್ಕ್. ಅದನ್ನು ತೆಗೆದು ತಿರುಗುವ ಭಾಗ ಇಲ್ಲದ, ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿದರೆ ಅದೇ ಯಂತ್ರ ಬೇರೆಯೇ ಯಂತ್ರದ ಹಾಗೆ ಓಡುತ್ತದೆ. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದೇ ಇದೆ, ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು.

ಆದರೆ ಎಸ್‌ಎಸ್‌ಡಿಯ ಇನ್ನೊಂದು ಉಪಯೋಗವನ್ನು ಯಾರೂ ಹೇಳುವುದಿಲ್ಲ. ಹೊಸ ಓಎಸ್ ಅನ್ನು ಹೊಸ ಎಸ್‌ಎಸ್‌ಡಿಗೆ ಹಾಕುವುದರಿಂದ ಹಳೆ ಡಿಸ್ಕ್ ಇದ್ದ ಹಾಗೇ ಇರುತ್ತದೆ. ಅದರಲ್ಲಿ ನಿಮ್ಮ ಹಳೆ ವಿಂಡೋಸ್, ಡ್ರೈವರ್, ಟ್ಯಾಲಿ, ನುಡಿ ಫಾಂಟುಗಳು ಎಲ್ಲವೂ ಜೀವಂತ. ಹೊಸದರಲ್ಲಿ ಪ್ರಿಂಟರ್ ಬರಲಿಲ್ಲವಾ? ಸ್ಕ್ರೂ ಬಿಚ್ಚಿ ಹಳೆ ಡಿಸ್ಕ್ ಸಿಕ್ಕಿಸಿ, ನಿನ್ನೆ ಇದ್ದ ಕಂಪ್ಯೂಟರ್ ಹತ್ತು ನಿಮಿಷದಲ್ಲಿ ವಾಪಸ್. ಯಾವ ಬ್ಯಾಕಪ್ ಸಾಫ್ಟ್‌ವೇರ್ ಕೂಡ ಇಷ್ಟು ಧೈರ್ಯ ಕೊಡುವುದಿಲ್ಲ. ವಿಂಡೋಸ್‌ನ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಿಸಿದ್ದಕ್ಕೆ ಹೋಗುವುದಿಲ್ಲ. ಹಳೆ ಡಿಸ್ಕ್ ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿ ಎತ್ತಿಡಿ. ಡಿಸ್ಕ್‌ಗೆ ಬಿಟ್‌ಲಾಕರ್ ಹಾಕಿದ್ದರೆ (ಡಿಸ್ಕ್‌ಗೆ ಹಾಕುವ ವಿಂಡೋಸ್‌ನ ಬೀಗ) ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಎಸ್‌ಎಸ್‌ಡಿ ತರದೆ ಇದ್ದಲ್ಲೇ ಅಪ್‌ಗ್ರೇಡ್ ಮಾಡುವವರಿಗೆ ಒಂದು ಮಾತು. ರಿಕವರಿ ಪುಟದ 'ಗೋ ಬ್ಯಾಕ್' ಆಯ್ಕೆ ಇರುವುದು 10 ದಿನ ಮಾತ್ರ. ಆ ಹತ್ತು ದಿನದಲ್ಲಿ ಪ್ರಿಂಟರ್, ಸ್ಕ್ಯಾನರ್, ವೆಬ್‌ಕ್ಯಾಮ್, ಡಿಜಿಟಲ್ ಸಹಿಯ ಟೋಕನ್ ಎಲ್ಲವನ್ನೂ ಒಂದೊಂದು ಸಲ ಬಳಸಿ ನೋಡಿ. ವರ್ಷಕ್ಕೊಮ್ಮೆ ಬಳಸುವ ಸಾಧನ ಹನ್ನೊಂದನೇ ತಿಂಗಳಲ್ಲಿ ಕೈಕೊಟ್ಟರೆ ಹಿಂದೆ ಹೋಗಲು ದಾರಿ ಇರುವುದಿಲ್ಲ.

ಹೆಜ್ಜೆ 5: ಹಾಕಿದ ಮೇಲೆ ಡ್ರೈವರ್ ಹುಡುಕುವ ಕ್ರಮ

ಮೊದಲು ಇಂಟರ್ನೆಟ್. ವೈಫೈ ಇಲ್ಲದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನ್ ಆದರೆ ಸಾಮಾನ್ಯವಾಗಿ ಬೇರೆ ಡ್ರೈವರ್ ಏನೂ ಬೇಡ. ಇದೊಂದು ಉಪಾಯ ಗೊತ್ತಿದ್ದರೆ ಅರ್ಧ ತಲೆನೋವು ಇಲ್ಲ.

ಆಮೇಲೆ ವಿಂಡೋಸ್ ಅಪ್‌ಡೇಟ್ ಒಂದು ಸಲ ಪೂರ್ತಿ ಓಡಲಿ. ಆಪ್ಷನಲ್ ಅಪ್‌ಡೇಟ್ಸ್ ಒಳಗೆ ಡ್ರೈವರ್ ಅಂತ ಬೇರೆ ವಿಭಾಗ ಇರುತ್ತದೆ, ಅಲ್ಲಿ ಇಣುಕಿ. ರೀಸ್ಟಾರ್ಟ್ ಮಾಡಿ. ಇನ್ನೂ ಹಳದಿ ತ್ರಿಕೋನ ಉಳಿದಿದ್ದರೆ ನಿಮ್ಮ ಪೆನ್‌ಡ್ರೈವ್ ಫೋಲ್ಡರ್ ತೋರಿಸಿ. ಅದಕ್ಕೂ ಜಗ್ಗದಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ಅಧಿಕೃತ ಜಾಗಕ್ಕೆ ಹೋಗಿ, ನೀವು ಫೋಟೋ ತೆಗೆದಿಟ್ಟ ಹಾರ್ಡ್‌ವೇರ್ ಐಡಿಯ ವೆನ್, ಡೆವ್ ಭಾಗವನ್ನು ಹುಡುಕಿ. ಕಂಪನಿಗಳು ಕೈಬಿಟ್ಟ ಎಷ್ಟೋ ಡ್ರೈವರ್‌ಗಳು ಅಲ್ಲಿ ಇನ್ನೂ ಸಿಗುತ್ತವೆ. ಸಿಎಬಿ ಫೈಲ್ ಇಳಿಯುತ್ತದೆ, ಅದನ್ನು ಸೆವೆನ್‌ಜಿಪ್‌ನಲ್ಲಿ ಬಿಡಿಸಿ ಫೋಲ್ಡರ್ ಮಾಡಿ, ಮತ್ತೆ ಅದೇ ಬ್ರೌಸ್ ದಾರಿಯಲ್ಲಿ ತೋರಿಸಿ. ಸೆಟಪ್ ಫೈಲ್ ಇದ್ದು 'ಈ ಆವೃತ್ತಿಗೆ ಅಲ್ಲ' ಎಂದು ಹಟ ಮಾಡಿದರೆ, ಅದರ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಟ್ಯಾಬ್ ತೆರೆದು ವಿಂಡೋಸ್ 7 ಅಥವಾ 8 ಆರಿಸಿ ಓಡಿಸಿ.

ಒಂದು ಕೆಲಸ ಮಾತ್ರ ಮಾಡಬೇಡಿ. 'ನಿಮ್ಮ ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ' ಎನ್ನುವ ಉಚಿತ ಸಾಫ್ಟ್‌ವೇರ್‌ಗಳನ್ನು ಹಾಕಬೇಡಿ, ದಯವಿಟ್ಟು. ಚೆನ್ನಾಗಿ ನಡೆಯುತ್ತಿರುವ ಡ್ರೈವರನ್ನೂ ಬದಲಿಸಿ ಕೆಡಿಸುತ್ತವೆ, ಜೊತೆಗೆ ಬೇಡದ ಜಾಹೀರಾತು ಪ್ರೋಗ್ರಾಂಗಳನ್ನು ತಂದು ಕೂರಿಸುತ್ತವೆ. ಹಾಗೆ ಕೆಟ್ಟ ಯಂತ್ರಗಳನ್ನು ಸರಿ ಮಾಡಲು ನನಗೆ ಅಪ್‌ಗ್ರೇಡ್‌ಗಿಂತ ಜಾಸ್ತಿ ಹೊತ್ತು ಹಿಡಿದಿದೆ.

ಕೋರ್ ಐಸೊಲೇಷನ್ ಒಳಗಿನ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಕೆಲವು ಹಳೆ ಡ್ರೈವರ್‌ಗಳನ್ನು ತಡೆಯುತ್ತದೆ. ವಿಂಡೋಸ್ ಸೆಕ್ಯೂರಿಟಿಯ ಡಿವೈಸ್ ಸೆಕ್ಯೂರಿಟಿ ಪುಟದಲ್ಲಿ ಹೊಂದದ ಡ್ರೈವರ್‌ಗಳ ಪಟ್ಟಿ ಸಿಗುತ್ತದೆ. ಆ ರಕ್ಷಣೆಯನ್ನು ಆಫ್ ಮಾಡುವ ಮೊದಲು ಆ ಸಾಧನ ನಿಮಗೆ ನಿಜವಾಗಲೂ ಬೇಕಾ ಎಂದು ಕೇಳಿಕೊಳ್ಳಿ. ಡಿಜಿಟಲ್ ಸಹಿ ಇಲ್ಲದ ಡ್ರೈವರ್ ಹಾಕಲು ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 7 ಒತ್ತುವ ದಾರಿಯನ್ನು ತುಂಬಾ ಕಡೆ ಹೇಳುತ್ತಾರೆ. ಅದು ಆ ಒಂದು ಬೂಟ್‌ಗೆ ಮಾತ್ರ, ಮತ್ತೆ ಆನ್ ಮಾಡಿದಾಗ ಡ್ರೈವರ್ ಮಲಗಿರುತ್ತದೆ. ಹಾಗಾಗಿ ಅದು ಪರಿಹಾರ ಅಲ್ಲ.

ಎಲ್ಲ ಸರಿಹೋದ ಮೇಲೆ ಒಂದು ದಿನ ವಿಂಡೋಸ್ ತಾನೇ ಬೇರೆ ಡ್ರೈವರ್ ತಂದು ಹಾಕಿ ಕೆಡಿಸಬಹುದು. ಆಗ ಆ ಸಾಧನದ ಡ್ರೈವರ್ ಟ್ಯಾಬ್‌ನಲ್ಲಿ ರೋಲ್ ಬ್ಯಾಕ್ ಒತ್ತಿ. ಮತ್ತೆ ಹಾಗಾಗದಂತೆ, ಸಿಸ್ಟಮ್ ಪ್ರಾಪರ್ಟೀಸ್‌ನ ಹಾರ್ಡ್‌ವೇರ್ ಟ್ಯಾಬ್‌ನಲ್ಲಿ ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್ ತೆರೆದು 'ನೋ' ಕೊಡಿ.

ಹೆಜ್ಜೆ 6: ವಿಂಡೋಸ್ ಒಲಿಯದಿದ್ದರೆ ಲಿನಕ್ಸ್

ಲಿನಕ್ಸ್‌ನಲ್ಲಿ (ವಿಂಡೋಸ್ ಬದಲು ಹಾಕಬಹುದಾದ ಉಚಿತ ಓಎಸ್) ಬಹುಪಾಲು ಡ್ರೈವರ್‌ಗಳು ಕರ್ನೆಲ್ ಎಂಬ ಅದರ ತಿರುಳಿನ ಒಳಗೇ ಇರುತ್ತವೆ. ಚಿಪ್ ಮಾಡಿದವರು ಕೈಬಿಟ್ಟರೂ ಬೇರೆಯವರು ನೋಡಿಕೊಳ್ಳುತ್ತಾರೆ. ಹದಿನೈದು ವರ್ಷದ ಇಂಟೆಲ್ ಗ್ರಾಫಿಕ್ಸ್, ಆಥೆರೋಸ್ ವೈಫೈ ಇವೆಲ್ಲ ಹಾಕಿದ ಕೂಡಲೇ ನಡೆಯುವುದನ್ನು ನೋಡಿದರೆ ಖುಷಿಯಾಗುತ್ತದೆ.

ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿಯಿಂದ ಶುರು ಮಾಡಿ, ಇದು ಲಿನಕ್ಸ್‌ನ ಹಗುರವಾದ ಒಂದು ಬಗೆ. 2 ಜಿಬಿ ರ‍್ಯಾಮ್‌ನಲ್ಲಿ ಹೇಗೋ ನಡೆಯುತ್ತದೆ, 4 ಇದ್ದರೆ ಆರಾಮ, ಬೆಂಬಲ 2029ರವರೆಗೆ ಇದೆ. ಡಿಸ್ಕ್‌ಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಇದೇ ಇದರ ದೊಡ್ಡ ಗುಣ. ಹಾಗೆ ಓಡಿಸಿ ಅರ್ಧ ಗಂಟೆ ಕೂತು ವೈಫೈ, ಸೌಂಡ್, ಬ್ರೈಟ್‌ನೆಸ್, ಮುಚ್ಚಿ ತೆರೆದಾಗ ಏಳುತ್ತದಾ, ಪ್ರಿಂಟರ್ ಕಾಣುತ್ತದಾ ಎಲ್ಲ ಪರೀಕ್ಷಿಸಿ. ಬ್ರಾಡ್‌ಕಾಮ್ ವೈಫೈ ಇದ್ದರೆ ಮೊದಲಿಗೆ ಕಾಣದೆ ಇರಬಹುದು, ಗಾಬರಿಯಾಗಬೇಡಿ, ಡ್ರೈವರ್ ಮ್ಯಾನೇಜರ್ ತೆರೆದು ಅದು ಸೂಚಿಸುವ ಡ್ರೈವರ್ ಹಾಕಿ. ಹಳೆ ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಜೀಫೋರ್ಸ್ 8, 9, 200, 300 ಸರಣಿಗೆ ಕಂಪನಿಯ ಬೆಂಬಲ 2019ಕ್ಕೆ, 400 ಮತ್ತು 500 ಸರಣಿಗೆ 2022ಕ್ಕೆ ಮುಗಿದಿದೆ. ಅವುಗಳಿಗೆ ನೂವೋ ಎಂಬ ಮುಕ್ತ ಡ್ರೈವರ್ ಸಾಕು, ಆಟ ಆಡುವುದಿಲ್ಲ ಅಂದರೆ. ಪ್ರಾಸೆಸರ್ 32 ಬಿಟ್ ಮಾತ್ರ ಆಗಿದ್ದರೆ ಡೆಬಿಯನ್ 12 ಎಂಬ ಇನ್ನೊಂದು ಬಗೆಯ ಲಿನಕ್ಸ್ ನೋಡಿ, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ.

ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡುವವರು ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಕನ್ನಡದಲ್ಲಿ ಕೆಜಿಪಿ ಆರಿಸಿ. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ವಿನ್ಯಾಸ, ಹೊಸದಾಗಿ ಕಲಿಯಬೇಕಿಲ್ಲ. ಆದರೆ ಹಳೆ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಫಾಂಟ್ಸ್ ಫೋಲ್ಡರನ್ನೂ ಮರೆಯದೆ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಪ್ರಿಂಟರ್ ವಿಚಾರ ಬೇರೆಯೇ

ನಮ್ಮ ಕಡೆ ಜೆರಾಕ್ಸ್ ಅಂಗಡಿ, ವಕೀಲರ ಕಚೇರಿ, ಶಾಲೆ ಎಲ್ಲಿ ಹೋದರೂ ಎರಡು ಪ್ರಿಂಟರ್ ಕಾಣುತ್ತವೆ: ಎಚ್‌ಪಿ ಲೇಸರ್‌ಜೆಟ್ 1020 ಮತ್ತು ಕ್ಯಾನನ್ ಎಲ್‌ಬಿಪಿ 2900. ಎರಡೂ ಗಟ್ಟಿ ಯಂತ್ರಗಳು. ಆದರೆ ಎರಡೂ ಪುಟ ರಚಿಸುವ ಕೆಲಸವನ್ನು ಕಂಪ್ಯೂಟರಿಗೇ ಬಿಡುತ್ತವೆ, ಹಾಗಾಗಿ ಡ್ರೈವರ್ ಇಲ್ಲದೆ ಒಂದು ಅಕ್ಷರವೂ ಬರುವುದಿಲ್ಲ.

1020ರೊಳಗೆ ಫರ್ಮ್‌ವೇರ್ (ಪ್ರಿಂಟರನ್ನು ನಡೆಸುವ ಒಳಗಿನ ತಂತ್ರಾಂಶ) ಶಾಶ್ವತವಾಗಿ ಇರುವುದಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗ ಕಂಪ್ಯೂಟರ್ ಅದನ್ನು ಕಳಿಸಿಕೊಡಬೇಕು. ಲಿನಕ್ಸ್‌ನಲ್ಲಿ ಎಚ್‌ಪಿಲಿಪ್ (ಎಚ್‌ಪಿ ಪ್ರಿಂಟರ್‌ಗಳ ಡ್ರೈವರ್ ಕಟ್ಟು) ಹಾಕಿದರೂ ಪ್ರಿಂಟ್ ಬರುತ್ತಿಲ್ಲ ಅಂದರೆ ಕಾರಣ ಹೆಚ್ಚಾಗಿ ಇದೇ, ಅದರ ಪ್ಲಗಿನ್ ಕೂಡ ಹಾಕಬೇಕು. ಹಾಕಿದ ಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಫರ್ಮ್‌ವೇರ್ ತಲುಪಿದಾಗ ಒಳಗಿನ ಮೋಟಾರು ಗರ್ ಎಂದು ಒಂದು ಸುತ್ತು ತಿರುಗುತ್ತದೆ. ಆ ಸದ್ದು ಕೇಳಿದರೆ ಕೆಲಸ ಆಯಿತು ಅಂತ ಲೆಕ್ಕ.

2900 ಸಿಎಪಿಟಿ ಎಂಬ ಕ್ಯಾನನ್‌ನದೇ ಭಾಷೆ ಮಾತಾಡುತ್ತದೆ. ವಿಂಡೋಸ್‌ನಲ್ಲಿ ಕೇಬಲ್ ಚುಚ್ಚುವ ಮೊದಲು 64 ಬಿಟ್ ಡ್ರೈವರ್ ಸೆಟಪ್ ಓಡಿಸಿ, ಅದು ಕೇಳಿದಾಗ ಮಾತ್ರ ಚುಚ್ಚಿ. ಲಿನಕ್ಸ್‌ಗೆ ಸ್ವತಂತ್ರವಾಗಿ ಬರೆದ ಸಿಎಪಿಟಿ ಡ್ರೈವರ್ ಇದೆ, ಹಾಕಲು ಸ್ವಲ್ಪ ತಾಳ್ಮೆ ಬೇಕು. ದಿನಕ್ಕೆ ನೂರು ಪುಟ ತೆಗೆಯುವ ಅಂಗಡಿ ಆದರೆ 2900 ಇರುವ ಯಂತ್ರವನ್ನು ವಿಂಡೋಸ್‌ನಲ್ಲೇ ಬಿಡಿ ಎಂದು ನಾನು ಹೇಳುತ್ತೇನೆ.

ಯಾವುದೂ ಆಗದ ಯಂತ್ರ

ಪೇಜ್‌ಮೇಕರ್, ಹಳೆ ಫಾಂಟು, ಡಾಂಗಲ್ ಇಟ್ಟುಕೊಂಡು ಮದುವೆ ಪತ್ರಿಕೆ, ಪುಸ್ತಕ ಮಾಡುವ ಡಿಟಿಪಿ ಯಂತ್ರಗಳಿವೆ. ಅವುಗಳನ್ನು ಅಪ್‌ಗ್ರೇಡ್ ಮಾಡಲೇಬೇಡಿ. ನೆಟ್‌ವರ್ಕ್ ಕೇಬಲ್ ತೆಗೆಯಿರಿ, ವೈಫೈ ಡಿಸೇಬಲ್ ಮಾಡಿ, ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಸಾಗಿಸಿ. ಆ ಪೆನ್‌ಡ್ರೈವನ್ನು ಪ್ರತಿ ಸಲ ಇಂಟರ್ನೆಟ್ ಇರುವ ಹೊಸ ಯಂತ್ರದಲ್ಲಿ ವೈರಸ್ ಸ್ಕ್ಯಾನ್ ಮಾಡಿಸಿ. ಬರೀ ವೈಫೈ ಚಿಪ್ ಒಂದೇ ಸತಾಯಿಸುತ್ತಿದ್ದರೆ ಹೊಸ ಚಿಪ್ಪಿನ ಪುಟ್ಟ ಯುಎಸ್‌ಬಿ ವೈಫೈ ಅಡಾಪ್ಟರ್ ತಂದುಬಿಡಿ. ಒಳಗಿನ ಕಾರ್ಡ್ ಬದಲಿಸುವುದಕ್ಕಿಂತ ಅದು ಸುಲಭ, ಯಾಕೆಂದರೆ ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ ಬೇರೆ ಕಾರ್ಡನ್ನು ಒಪ್ಪುವುದೇ ಇಲ್ಲ. ಬಯಾಸ್ ಅಪ್‌ಡೇಟ್ ಮಾಡುವ ಪರಿಸ್ಥಿತಿ ಬಂದರೆ ಯುಪಿಎಸ್ ಅಥವಾ ಬ್ಯಾಟರಿ ಗಟ್ಟಿಯಾಗಿ ಇರಲಿ. ಮಳೆಗಾಲದ ಸಂಜೆ, ಕರೆಂಟು ಹೋಗಿ ಬರುವ ಹೊತ್ತಿನಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ.

ಹೊಸ ಓಎಸ್‌ನಲ್ಲಿ ಒಂದು ತಿಂಗಳು ತೊಂದರೆ ಇಲ್ಲದೆ ನಡೆದರೆ, ಚೀಟಿ ಅಂಟಿಸಿ ಎತ್ತಿಟ್ಟ ಹಳೆ ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿ, ಫೋಟೋ ಮತ್ತು ಕಡತಗಳ ಬ್ಯಾಕಪ್‌ಗೆ ಬಳಸಿಕೊಳ್ಳಿ. ಜಾಗ ಬೇಕು ಅಂತ ಹಳೆಯದನ್ನು ಅಳಿಸುವಾಗ ಆ ಡ್ರೈವರ್ ಫೋಲ್ಡರ್ ಮತ್ತು ಫಾಂಟ್ಸ್ ಫೋಲ್ಡರ್ ಎರಡನ್ನು ಮಾತ್ರ ಉಳಿಸಿಕೊಳ್ಳಿ.